ಮನೆಬಳಕೆಯ ಬ್ಯಾಟರಿ ಉಪಕರಣಗಳು: ಬೆಲೆಯೊಂದು, ವೆಚ್ಚವೊಂದು

ಖಂಡೇನವಮಿಯ ದಿನ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಕಕ್ಷಿದಾರರೊಬ್ಬರ ಘಟಕಕ್ಕೆ ಪೂಜೆಗೆಂದು ಹೋಗಿದ್ದೆ. ಲೇತ್, ಗ್ರೈಂಡರ್, ಅಳತೆಯ ಸಾಧನಗಳೆಲ್ಲ ಕುಂಕುಮ, ಚೆಂಡುಹೂವುಗಳಿಂದ ಅಲಂಕೃತವಾಗಿದ್ದವು. ಅವುಗಳ ಸಾಲಿನ ಕೊನೆಯಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಮಾಲೀಕರ ಮನೆಯಿಂದ ತಂದಿಟ್ಟಿದ್ದ ಬ್ಯಾಟರಿ ಡ್ರಿಲ್ ಒಂದಿತ್ತು. ಅದರ ಬ್ಯಾಟರಿ ಕೈಕೊಟ್ಟು ಎಂಟು ತಿಂಗಳಾಗಿತ್ತಂತೆ. ಯಂತ್ರ ಮಾತ್ರ ಹೊಸದರಂತೆಯೇ ಹೊಳೆಯುತ್ತಿತ್ತು. ಪ್ರಸಾದ ಕೊಡುತ್ತ ಅವರು ಕೇಳಿದರು: "ಸಾಹೇಬ್ರ, ಮನೀಗೆ ಇನ್ನೊಂದ್ ಸೆಟ್ ತಗೋಬೇಕಂತ ಮಾಡೇನಿ. ಯಾವುದು ತಗೊಳ್ಳಿ? ಬಿಲ್ ಫ್ಯಾಕ್ಟರಿ ಹೆಸರಿಗೇ ಹಾಕಸ್ಲಿ?"

ಎರಡೂ ಪ್ರಶ್ನೆಗಳಿಗೆ ಅಂದು ನಿಂತಲ್ಲೇ ಪೂರ್ಣ ಉತ್ತರ ಕೊಡಲಾಗಲಿಲ್ಲ. ಸದಸ್ಯ ಬಾಂಧವರಲ್ಲಿ ಅನೇಕರು ಇಂಥ ಉಪಕರಣಗಳನ್ನು ಕೊಳ್ಳುವವರು, ಕೆಲವರು ಮಾರುವವರೂ ಹೌದು. ಆದ್ದರಿಂದ ಆ ಉತ್ತರವನ್ನು ಇಲ್ಲಿ ವಿವರಿಸುವುದು ಉಚಿತವೆಂದು ಭಾವಿಸಿದ್ದೇನೆ.

ತಂತಿಯಿಲ್ಲದ ಡ್ರಿಲ್ ಹೊಸ ವಸ್ತುವೇನೂ ಅಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯು 1961ರಲ್ಲಿಯೇ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ಹೊರತಂದಿತ್ತು. 2005ರ ನಂತರ ಲಿಥಿಯಂ-ಅಯಾನ್ ಬ್ಯಾಟರಿ ಈ ಕ್ಷೇತ್ರಕ್ಕೆ ಕಾಲಿಟ್ಟಾಗ ಉಪಕರಣವು ಹಗುರವಾಯಿತು, ಶಕ್ತಿ ಹೆಚ್ಚಿತು. ಅದರೊಂದಿಗೆ ಒಂದು ಮಹತ್ವದ ಬದಲಾವಣೆಯೂ ಆಯಿತು. ಇಂದು ನಾವು ಕೊಳ್ಳುವುದು ವಾಸ್ತವವಾಗಿ ಡ್ರಿಲ್ಲನ್ನಲ್ಲ, ಬ್ಯಾಟರಿಯನ್ನು. ಡ್ರಿಲ್ ಅದಕ್ಕೆ ಜೋಡಿಸಿದ ಒಂದು ಅಂಗವಷ್ಟೇ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಅಷ್ಟೇಕೆ, ಬಾಷ್ ಕಂಪನಿಯ ನೀಲಿ ಬಣ್ಣದ ವೃತ್ತಿಪರ ಶ್ರೇಣಿಯ 18 ವೋಲ್ಟ್ ಬ್ಯಾಟರಿಯು ಅದೇ ಕಂಪನಿಯ ಹಸಿರು ಬಣ್ಣದ ಮನೆಬಳಕೆ ಶ್ರೇಣಿಗೆ ಕೂಡುವುದಿಲ್ಲ. ಆದ್ದರಿಂದ ಮೊದಲ ಸೆಟ್ಟನ್ನು ಆರಿಸುವಾಗಲೇ ಮುಂದೆ ಕೊಳ್ಳಬಹುದಾದ ಗ್ರೈಂಡರ್, ಗರಗಸ, ಬ್ಲೋವರ್‌ಗಳ ಆಯ್ಕೆಯೂ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ.

ಈಗ ಪೆಟ್ಟಿಗೆಯ ಮೇಲಿನ ಅಂಕಿಗಳ ವಿಷಯ. ಹೇಳಿದ ದಾಸ್ತಾನಿಗೂ ಎಣಿಸಿದ ದಾಸ್ತಾನಿಗೂ ತಾಳೆ ನೋಡುವುದೇ ನನ್ನ ವೃತ್ತಿ. ಆ ಅಭ್ಯಾಸ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಲಿಥಿಯಂ-ಅಯಾನ್ ಸೆಲ್ ಒಂದರ ಸಾಮಾನ್ಯ ವೋಲ್ಟೇಜ್ 3.6. ಐದು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದ ಕ್ಷಣದಲ್ಲಿ ಅದು 20ರ ಆಚೀಚೆ ತೋರಿಸುವುದರಿಂದ ಕೆಲವು ಕಂಪನಿಗಳು ಅದನ್ನೇ "20 ವೋಲ್ಟ್ ಮ್ಯಾಕ್ಸ್" ಎಂದು ಮಾರುತ್ತವೆ. 18 ಮತ್ತು 20ರ ನಡುವೆ ಇರುವುದು ಮುದ್ರಣದ ಭೇದ ಮಾತ್ರ. ಅದೇ ರೀತಿ "12 ವೋಲ್ಟ್" ಎಂಬುದು ಮೂರು ಸೆಲ್‌ಗಳ 10.8 ವೋಲ್ಟ್. ಇದರಲ್ಲಿ ಮೋಸವಿಲ್ಲ, ವ್ಯಾಪಾರಿ ಅಲಂಕಾರವಿದೆ ಎನ್ನಬಹುದು.

ಆದರೆ 48 ವೋಲ್ಟ್, 88 ವೋಲ್ಟ್ ಎಂದು ದೊಡ್ಡಕ್ಷರಗಳಲ್ಲಿ ಬರೆದು, ಹೆಸರೇ ಕೇಳಿರದ ಮಾರ್ಕಿನಲ್ಲಿ, ಅತ್ಯಗ್ಗದ ದರಕ್ಕೆ ಬರುವ ಸೆಟ್‌ಗಳ ಕಥೆಯೇ ಬೇರೆ. 48 ವೋಲ್ಟ್ ನಿಜವಾಗಬೇಕಾದರೆ ಕನಿಷ್ಠ ಹದಿಮೂರು ಸೆಲ್‌ಗಳು ಬೇಕು. ಸೆಲ್ ಒಂದಕ್ಕೆ ಸುಮಾರು 45 ಗ್ರಾಂ ಹಿಡಿದರೂ ಸೆಲ್‌ಗಳೇ ಅರ್ಧ ಕಿಲೋ ಮೀರುತ್ತವೆ. ಅಂಗೈಯಲ್ಲಿ ಹಿಡಿಸುವ ಹಗುರ ಬ್ಯಾಟರಿಯಲ್ಲಿ ಅಷ್ಟು ಇರಲು ಸಾಧ್ಯವೇ? ಇಂಥದೊಂದು ಸೆಟ್ಟನ್ನು ನಾನೂ ಕೊಂಡು ಮೋಸಹೋದವನೇ. ಅದು ಕೆಟ್ಟ ಮೇಲೆ ಕುತೂಹಲಕ್ಕೆ ಬಿಚ್ಚಿ ನೋಡಿದರೆ ಒಳಗಿದ್ದುದು ಐದೇ ಸೆಲ್‌ಗಳು. ಬದಲಿ ಬ್ಯಾಟರಿಗಾಗಿ ಮಾರಿದವರನ್ನು ವಿಚಾರಿಸಿದಾಗ "ಆ ಮಾಲು ಈಗ ಬರುವುದಿಲ್ಲ" ಎಂಬ ಉತ್ತರ ದೊರೆಯಿತು. ಬಿಲ್ಲು ಪಡೆದಿರಲಿಲ್ಲ. ಲೆಕ್ಕಪರಿಶೋಧಕನೊಬ್ಬ ಇದನ್ನು ಬರೆದು ಒಪ್ಪಿಕೊಳ್ಳುವುದು ಸುಲಭವಲ್ಲ!

ಹೋಲಿಕೆಗೆ ಸರಿಯಾದ ಮಾಪನವೆಂದರೆ ವ್ಯಾಟ್-ಅವರ್. ಅಂದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದ ಅಂಕಿ. 18 ವೋಲ್ಟ್, 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವ್ಯಾಟ್-ಅವರ್ ಇದೆ. 10.8 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 21.6 ಮಾತ್ರ. ಈ ಅಂಕಿಯು ಒಳ್ಳೆಯ ಬ್ಯಾಟರಿಗಳ ಮೇಲೆ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಅದರ ಜತೆಗೆ ಭಾರತೀಯ ಮಾನಕ ಐಎಸ್ 16046ರ ನೋಂದಣಿ ಸಂಖ್ಯೆಯನ್ನೂ ಹುಡುಕಬೇಕು. "ಆರ್" ಅಕ್ಷರದಿಂದ ಆರಂಭವಾಗುವ ಆ ಸಂಖ್ಯೆಯನ್ನು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲಿ ನಿಂತೇ ಪರಿಶೀಲಿಸಬಹುದು. "108 ಪೀಸ್" ಎಂಬ ಘೋಷಣೆಗೆ ಮರುಳಾಗಬೇಕಿಲ್ಲ. ಅವುಗಳಲ್ಲಿ ನೂರು ತಿರುಪು, ಪ್ಲಗ್ಗು, ಮೆದು ಉಕ್ಕಿನ ಬಿಟ್‌ಗಳೇ ಆಗಿರುತ್ತವೆ.

ಇನ್ನು ನಿಜವಾದ ಲೆಕ್ಕ. ಇಲ್ಲಿನ ದರಗಳು ಕೇವಲ ಉದಾಹರಣೆಗಾಗಿ. 3,000 ರೂಪಾಯಿಯ ಹೆಸರಿಲ್ಲದ ಸೆಟ್ ಎರಡು ವರ್ಷ ಬಾಳಿದರೆ ವರ್ಷದ ವೆಚ್ಚ 1,500. 8,000 ರೂಪಾಯಿಯ ಹೆಸರಾಂತ ಸೆಟ್ಟು, ನಡುವೆ 3,000ದ ಒಂದು ಬದಲಿ ಬ್ಯಾಟರಿಯೊಂದಿಗೆ ಆರು ವರ್ಷ ನಡೆದರೆ ವರ್ಷಕ್ಕೆ 1,833. ಅಂದರೆ ಅಗ್ಗದ್ದೇ ಅಗ್ಗ! ಈ ಫಲಿತಾಂಶ ನನಗೂ ಇಷ್ಟವಾಗಲಿಲ್ಲ, ಆದರೆ ಲೆಕ್ಕವನ್ನು ಮರೆಮಾಚುವಂತಿಲ್ಲ. ಅಗ್ಗದ್ದು ಎರಡರ ಬದಲು ಒಂದೇ ವರ್ಷದಲ್ಲಿ ಕೆಟ್ಟರೆ ಮಾತ್ರ ತಕ್ಕಡಿ ತಿರುಗುತ್ತದೆ. ಹಾಗಾಗಿ ನಿರ್ಣಾಯಕ ಪ್ರಶ್ನೆ ಬೆಲೆಯದಲ್ಲ, ವರ್ಷಕ್ಕೆ ಎಷ್ಟು ಕೆಲಸ ಎಂಬುದು.

ವರ್ಷಕ್ಕೆ ಹತ್ತು ರಂಧ್ರ ಕೊರೆಯುವ ಮನೆಗೆ ಬ್ಯಾಟರಿಯೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಳಸದೆ ಇಟ್ಟರೂ ಲಿಥಿಯಂ ಬ್ಯಾಟರಿಗೆ ಮುಪ್ಪು ಬರುತ್ತದೆ. ಪೂರ್ತಿ ಬರಿದಾಗಿಸಿ ಕಪಾಟಿನಲ್ಲಿಟ್ಟು ಮರೆತರೆ ಮತ್ತೆ ಚಾರ್ಜನ್ನೇ ಹಿಡಿಯದಿರಬಹುದು. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟರಂತೂ ಆಯುಷ್ಯ ಇನ್ನೂ ಕುಗ್ಗುತ್ತದೆ. ಅಂಥವರಿಗೆ 13 ಮಿ.ಮೀ. ಚಕ್‌ನ, ತಂತಿಯಿರುವ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ಲೇ ಲೇಸು. ವರ್ಷಗಟ್ಟಲೆ ಮೂಲೆಯಲ್ಲಿ ಕುಳಿತು ಎದ್ದರೂ ಅದು ತಿರುಗುತ್ತದೆ. ಕಾರ್ಬನ್ ಬ್ರಷ್ ಸವೆದರೆ ಅಲ್ಪ ಖರ್ಚಿನಲ್ಲಿ ಬದಲಿಸಬಹುದು. ಕರೆಂಟು ಹೋದಾಗ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಮನೆಯ ಗೋಡೆಗೆ ಚಿತ್ರಪಟ ತೂಗುಹಾಕುವ ಕೆಲಸ ಕರೆಂಟು ಬರುವವರೆಗೆ ಕಾಯಬಲ್ಲದು.

ಕಪಾಟು, ಪರದೆಯ ಸಲಾಕೆ, ಕುರ್ಚಿಯ ತಿರುಪು ಎಂದು ತಿಂಗಳಿಗೆರಡು ಬಾರಿ ಕೈಗೆತ್ತಿಕೊಳ್ಳುವವರಿಗೆ 12 ವೋಲ್ಟ್ ವರ್ಗ ಸಾಕು. ಇಟ್ಟಿಗೆ ಗೋಡೆಯಲ್ಲಿ ಆಗಾಗ ಕೊರೆಯುವವರು ಹ್ಯಾಮರ್ ವ್ಯವಸ್ಥೆಯಿರುವ 18 ವೋಲ್ಟ್ ನೋಡಬೇಕು. ಆರ್‌ಸಿಸಿ ಕಂಬ, ತೊಲೆಗಳಿಗೆ ಇವೆರಡೂ ಅಲ್ಲ. ಅಲ್ಲಿ ರೋಟರಿ ಹ್ಯಾಮರ್ ಬೇಕು. ಅದನ್ನು ಬಾಡಿಗೆಗೆ ತರುವುದು ಅಥವಾ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದು ವಿವೇಕ. ಬ್ರಷ್‌ಲೆಸ್ ಮೋಟಾರ್ ಉತ್ತಮವೇನೋ ನಿಜ, ಮನೆಬಳಕೆಗೆ ಅದರ ಹೆಚ್ಚಿನ ಬೆಲೆ ತೆರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಆ ಹಣದಲ್ಲಿ ಎರಡನೆಯ ಬ್ಯಾಟರಿ ಬರುತ್ತದೆ.

ಕಕ್ಷಿದಾರರ ಎರಡನೆಯ ಪ್ರಶ್ನೆಗೆ ಬರೋಣ. 8,000 ರೂಪಾಯಿಯಲ್ಲಿ ಶೇ. 18ರ ಜಿಎಸ್‌ಟಿ ಪಾಲು ಸುಮಾರು 1,220. ಅದನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದೆಂಬ ಆಸೆ ಸಹಜ. ಆದರೆ ವೈಯಕ್ತಿಕ ಬಳಕೆಯ ಸರಕಿಗೆ ಸಿಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಂ ಆ ದಾರಿಯನ್ನು ಮುಚ್ಚಿದೆ. ತಪ್ಪಾಗಿ ಪಡೆದು ಬಳಸಿದರೆ ಶೇ. 18ರ ಬಡ್ಡಿ ಸಹಿತ ಮರಳಿಸಬೇಕಾಗುತ್ತದೆ. ಇದಲ್ಲದೆ, ಕೆಲವು ಕಂಪನಿಗಳ ಮನೆಬಳಕೆ ಶ್ರೇಣಿಯ ವಾರಂಟಿಯು ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ. ಫ್ಯಾಕ್ಟರಿಯ ಹೆಸರಿನ ಬಿಲ್ಲು ಹಿಡಿದು ಸರ್ವಿಸ್ ಸೆಂಟರಿಗೆ ಹೋದಾಗ ಆ ಬಿಲ್ಲೇ ನಮಗೆ ಎದುರು ಸಾಕ್ಷಿಯಾದೀತು. ಘಟಕದಲ್ಲಿಯೇ ಬಳಸುವುದಾದರೆ ಮಾತು ಬೇರೆ. ಆಗ ತೆರಿಗೆ ಜಮೆಯೂ ಉಂಟು, ಯಂತ್ರೋಪಕರಣವೆಂದು ಶೇ. 15ರ ಸವಕಳಿಯೂ ಉಂಟು. ಜಮೆ ಪಡೆದ ತೆರಿಗೆ ಮೊತ್ತದ ಮೇಲೆ ಮಾತ್ರ ಸವಕಳಿ ಹಾಕುವಂತಿಲ್ಲ.

ಮಾರುವ ಸದಸ್ಯರಲ್ಲಿ ಒಂದು ವಿನಂತಿ. ಆನ್‌ಲೈನ್ ದರದೊಂದಿಗೆ ನಮ್ಮ ಪೇಟೆಯ ಅಂಗಡಿಕಾರ ಪೈಪೋಟಿ ನಡೆಸಲಾರ ಎಂಬ ಅಳಲನ್ನು ಸಂಸ್ಥೆಯ ಸಭೆಗಳಲ್ಲಿ ಕೇಳುತ್ತ ಬಂದಿದ್ದೇನೆ. ಬದಲಿ ಬ್ಯಾಟರಿ, ಚಾರ್ಜರ್, ಬ್ರಷ್‌ಗಳನ್ನು ದಾಸ್ತಾನು ಮಾಡಿ ಬಿಲ್ಲು ಕೊಡುವ ಅಂಗಡಿಗೆ ಗ್ರಾಹಕ ಇನ್ನೂರು ರೂಪಾಯಿ ಹೆಚ್ಚು ಕೊಡಲು ಹಿಂಜರಿಯನು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅಂಗಡಿಯೇ ಆ ಸಂಗ್ರಹದ ತಾಣವಾದರೆ, ಹಳೆಯದನ್ನು ಒಪ್ಪಿಸಲು ಬಂದವನು ಹೊಸದನ್ನು ಅಲ್ಲಿಯೇ ಕೇಳುತ್ತಾನೆ.

ನನ್ನ ಕಕ್ಷಿದಾರರು ದೀಪಾವಳಿಗೆ ಮುನ್ನ ಎರಡು ಬ್ಯಾಟರಿಗಳ 12 ವೋಲ್ಟ್ ಸೆಟ್ಟೊಂದನ್ನು ತಮ್ಮ ಸ್ವಂತ ಹೆಸರಿನ ಬಿಲ್ಲಿನಲ್ಲಿ ಕೊಂಡರು. ಕೊಂಡ ಮರುದಿನವೇ ಫೋನು ಬಂತು: ಪಡಸಾಲೆಯ ಕಂಬದಲ್ಲಿ ಬಿಟ್ ಇಳಿಯುತ್ತಿಲ್ಲವಂತೆ.