ಗುಜರಿಗೆ ಹಾಕುವ ಮುನ್ನ

ಕಂಪ್ಯೂಟರ್ ನಿಧಾನವಾಯಿತೆಂದರೆ ಅದಕ್ಕೆ ವಯಸ್ಸಾಯಿತೆಂದು ತೀರ್ಮಾನಿಸುವುದು ಮಾರುವವರಿಗೂ ಅನುಕೂಲ, ಕೊಳ್ಳುವ ಕಚೇರಿಗಳಿಗೂ ಅನುಕೂಲ. ಆದರೆ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಸವೆದುಹೋದದ್ದು ಏನೂ ಇರುವುದಿಲ್ಲ. ಕೊರತೆ ಬಿದ್ದಿರುವುದು ರ‍್ಯಾಮ್ ಎಂಬ ಮೆಮೊರಿ ಮಾತ್ರ.

ರ‍್ಯಾಮ್ ಎಂಬುದು ಅಡಿಕೆ ಹರಡುವ ಅಂಗಳವಿದ್ದಂತೆ, ಹಾರ್ಡ್‌ಡಿಸ್ಕ್ ಅಟ್ಟವಿದ್ದಂತೆ. ಅಂಗಳ ಕಿರಿದಾದರೆ ಅಟ್ಟಕ್ಕೂ ಅಂಗಳಕ್ಕೂ ಹೊತ್ತು ತಿರುಗುವುದೇ ದಿನದ ಕೆಲಸವಾಗುತ್ತದೆ. ತನ್ನೂರಿನ ಕಾನು, ಸೊಪ್ಪಿನಬೆಟ್ಟ, ಕೆರೆಗಳ ನಕ್ಷೆ ಮಾಡಹೊರಟ ವಿದ್ಯಾರ್ಥಿಯೊಬ್ಬ ಕ್ಯೂಜಿಐಎಸ್ ತಂತ್ರಾಂಶದಲ್ಲಿ ದೊಡ್ಡದೊಂದು ಉಪಗ್ರಹ ಚಿತ್ರವನ್ನು ತೆರೆದಾಗ 4 ಜಿಬಿಯ ಯಂತ್ರ ಮಂಕಾಗುವುದು ಈ ಕಾರಣಕ್ಕೆ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಬಿಡದೆ ಮಿನುಗುತ್ತಿರುತ್ತದೆ. ಅದೇ ಯಂತ್ರಕ್ಕೆ 16 ಜಿಬಿ ಕೊಟ್ಟರೆ ಕೆಲಸ ಸಾಗುತ್ತದೆ.

ಆದರೂ ಕೊಳ್ಳುವ ಮೊದಲು ನೋಡಬೇಕು. ಕೆಲಸ ನಡೆದಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿ ಬಹುತೇಕ ತುಂಬಿದೆಯೇ ಎಂದು ಗಮನಿಸಬೇಕು. ಅರ್ಧ ಖಾಲಿಯಿದ್ದರೆ ಹೊಸ ಪಟ್ಟಿಯಿಂದ ಪ್ರಯೋಜನವಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೇ ಲೇಸಾದೀತು. 32 ಬಿಟ್‌ನ ವಿಂಡೋಸ್ ಇದ್ದಲ್ಲಿ 4 ಜಿಬಿಗಿಂತ ಹೆಚ್ಚಿನದು ಬಳಕೆಗೇ ಬಾರದು.

ಇಷ್ಟು ಎಚ್ಚರಿಕೆ ಹಣದ ಕಾರಣಕ್ಕೆ ಮಾತ್ರವಲ್ಲ. ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇವಲ 2 ಗ್ರಾಂ ತೂಗುವ 32 ಮೆಗಾಬೈಟ್‌ನ ಒಂದು ಮೆಮೊರಿ ಚಿಪ್ಪಿನ ತಯಾರಿಕೆ ಹಾಗೂ ಬಳಕೆಗೆ 1,600 ಗ್ರಾಂ ಪಳೆಯುಳಿಕೆ ಇಂಧನ ಮತ್ತು 72 ಗ್ರಾಂ ರಾಸಾಯನಿಕ ವಸ್ತುಗಳು ಬೇಕಾಗಿದ್ದವು. ತಯಾರಿಕೆಯೊಂದಕ್ಕೇ 32 ಲೀಟರ್ ನೀರು. ಅಂದಿನಿಂದ ತಂತ್ರಜ್ಞಾನ ಬಹಳ ಬದಲಾಗಿದೆ, ಈ ಅಂಕಿಗಳನ್ನು ಇಂದಿನ ಚಿಪ್ಪಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಬೆರಳುದ್ದದ ಪಟ್ಟಿಯ ಹಿಂದೆ ಕಣ್ಣಿಗೆ ಕಾಣದ ಎಷ್ಟು ನೀರು, ಎಷ್ಟು ಬೆಂಕಿ ಇದೆಯೆಂಬುದನ್ನು ಅವು ತೋರಿಸಿಕೊಟ್ಟವು. ಮುಂದೆ ವಿಲಿಯಮ್ಸ್ ಇಡೀ ಡೆಸ್ಕ್‌ಟಾಪ್ ಮತ್ತು 17 ಅಂಗುಲದ ಹಳೆಯ ಮಾದರಿಯ ಮಾನಿಟರಿನ ಲೆಕ್ಕ ಹಾಕಿದಾಗ ಇಂಧನವೇ 240 ಕಿಲೋ, ನೀರು 1,500 ಕಿಲೋ ತಗುಲಿತ್ತು. ಪಟ್ಟಿಯೊಂದನ್ನು ಸೇರಿಸಿ ಯಂತ್ರವನ್ನು ಇನ್ನೈದು ವರ್ಷ ದುಡಿಸುವುದರ ಅರ್ಥ ಇಲ್ಲಿದೆ. ಬೇಕಿಲ್ಲದಿದ್ದರೂ 64 ಜಿಬಿ ತುಂಬಿಸುವುದು ಮಾತ್ರ ಬೇರೊಂದು ಬಗೆಯ ದುಂದು.

ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಪಟ್ಟಿ ಬದಲಿಸುವುದು ಕಷ್ಟದ ವಿದ್ಯೆಯಲ್ಲ. ಯಂತ್ರ ಆರಿಸಿ, ವಿದ್ಯುತ್ ತಂತಿ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಪಟ್ಟಿಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಬಲ ಪ್ರಯೋಗಿಸಿದರೆ ಮದರ್‌ಬೋರ್ಡೇ ಹಾಳು. ಒಂದೇ ಅಳತೆಯ ಎರಡು ಪಟ್ಟಿಗಳನ್ನು ಕೈಪಿಡಿ ಹೇಳಿದ ಜೋಡಿ ಸ್ಥಾನಗಳಲ್ಲಿ, ಅಂಚಿನ ಕೊಕ್ಕೆ ಕಟ್ಟೆನ್ನುವವರೆಗೆ ಒತ್ತಬೇಕು. ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಅವು ಕೆಲವು ವರ್ಕ್‌ಸ್ಟೇಷನ್‌ಗಳಿಗೆ ಒಗ್ಗುತ್ತವೆ, ಸಾಮಾನ್ಯ ಡೆಸ್ಕ್‌ಟಾಪ್‌ಗೆ ಒಗ್ಗುವುದಿಲ್ಲ. ಮಳೆಗಾಲದ ತೇವಕ್ಕೆ ಯಂತ್ರ ಬೀಪ್ ಬೀಪ್ ಎಂದು ಕೂಗಿ ನಿಂತರೆ, ಹೊಸದನ್ನು ತರುವ ಮುಂಚೆ ಹಳೆಯ ಪಟ್ಟಿಯ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ ನೋಡುವುದು ರಿಪೇರಿಯವರ ಹಳೆಯ ಉಪಾಯ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕಾಲ ಮಾತ್ರ ಅನುಕೂಲಕರವಾಗಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬಹಳಷ್ಟು ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಮೆಮೊರಿ ಎಷ್ಟು ಹೆಚ್ಚಿಸಿದರೂ ಆ ಬಾಗಿಲು ತೆರೆಯದು. ಅಂಥ ಯಂತ್ರಗಳಿಗೆ ಉಚಿತವಾದ ಲಿನಕ್ಸ್ ಇದೆ, ಕ್ಯೂಜಿಐಎಸ್ ಅದರಲ್ಲಿಯೂ ನಡೆಯುತ್ತದೆ. ಇತ್ತ 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಜನಸಾಮಾನ್ಯರಿಗೆ ಪಟ್ಟಿ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಸಾರಿತು. ದೂರದ ಯಂತ್ರಾಗಾರಗಳ ಬಯಕೆಗೆ ಹಳ್ಳಿಯ ಶಾಲೆ ಬೆಲೆ ತೆರಬೇಕಾದದ್ದು ಹೀಗೆ.

ಆದ್ದರಿಂದ ಕಳಚಿದ ಪಟ್ಟಿಗಳನ್ನು ಡ್ರಾಯರಿನಲ್ಲಿ ಮರೆಯುವುದಾಗಲಿ ಕಸಕ್ಕೆ ಸೇರಿಸುವುದಾಗಲಿ ಸಲ್ಲದು. ಡಿಡಿಆರ್ ಸಂಖ್ಯೆ ಮತ್ತು ಜಿಬಿಯನ್ನು ಚೀಟಿಯಲ್ಲಿ ಬರೆದು ಅಂಟಿಸಿಟ್ಟರೆ, ಅದೇ ಮಾದರಿಯ ಯಂತ್ರವಿರುವ ಪಕ್ಕದೂರಿನ ಶಾಲೆಗೆ ಅವನ್ನು ದಾಟಿಸಬಹುದು.