ಬಂದೂಕು ಕಲಿಯಲಿ, ಬೇಟೆ ಬೇಡ



ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪ್ರವಚನ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಪಕ್ಕದಲ್ಲಿದ್ದ ಹುಡುಗ ಮೊಬೈಲ್ ತೋರಿಸಿದ. ಕತ್ತಲ ಹೊಲ, ಜೀಪಿನ ಬೆಳಕು, ಆ ಬೆಳಕಿಗೆ ಕಂಗೆಟ್ಟು ನಿಂತ ಮೊಲ, ಒಂದು ಸದ್ದು, ಆಮೇಲೆ ನಗು. ಜೀಪಿನಲ್ಲಿದ್ದವರಲ್ಲಿ ಇಬ್ಬರು ನನ್ನ ಶಾಲೆಯಲ್ಲೇ ಕಲಿತವರು. ಒಬ್ಬನ ಕೊರಳಲ್ಲಿ ಕರಡಿಗೆಯೂ ಇತ್ತು.

"ಸರ್, ನೀವೂ ಹಿಂದಕ ಶಿಕಾರಿಗೆ ಹೋಗ್ತಿದ್ರಂತಲ್ರೀ. ಹೊಸದಾಗಿ ಕಲಿಯವ್ರು ಎಲ್ಲಿಂದ ಶುರು ಮಾಡಬೇಕ್ರಿ?" ಎಂದು ಕೇಳಿದ.

ಎದುರಿಗಿದ್ದ ಹಿರಿಯರು, "ಶಿವಶಿವಾ! ಬಂದೂಕು ಮುಟ್ಟೂದ ಪಾಪ. ಸುಮ್ಮ ಉಣ್ಣೋ ತಮ್ಮಾ" ಎಂದು ಗದರಿದರು. ಹುಡುಗ ಸುಮ್ಮನಾದ. ಆದರೆ ಗದರಿಕೆಗೆ ಯಾವ ಹುಡುಗ ಬಿಟ್ಟಿದ್ದಾನೆ? ಮುಂದಿನ ಅಮಾವಾಸ್ಯೆಗೆ ಅವನೂ ಅದೇ ಜೀಪು ಹತ್ತುತ್ತಾನೆ. ಅಂದು ನಾನು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹಿರಿಯರ ಮಾತಿಗೂ ನನ್ನ ತಕರಾರಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. 1979ರಲ್ಲಿ ನನಗೆ 20 ವರ್ಷ. ಸೋದರಮಾವನ ಒಂಟಿ ನಳಿಗೆಯ ಬಂದೂಕು, ಕಿಸೆಯಲ್ಲಿ ನಾಲ್ಕು ಕಾಡತೂಸು, ಗೆಳೆಯನ ಕೈಯಲ್ಲಿ ಬ್ಯಾಟರಿ. ಕಲಿಸಿದವರು ಯಾರೂ ಇಲ್ಲ. ಜೋಳ ಕೊಯ್ದ ಎರೆಹೊಲದಲ್ಲಿ ಎರಡು ಕಣ್ಣು ಮಿಂಚಿದವು. ಮೊಲವೆಂದು ಹೊಡೆದೆ. ಅದು ಕುರಿಹಟ್ಟಿಯ ನಾಯಿ. ಅದರಿಂದ ಒಂದು ಮಾರು ಆಚೆ, ಕಂಬಳಿ ಹೊದ್ದು ಹತ್ತು ಹನ್ನೆರಡು ವರ್ಷದ ಕುರಿ ಕಾಯುವ ಹುಡುಗ ಮಲಗಿದ್ದ. ಚರೆ ಅತ್ತ ಸಿಡಿಯದೆ ಹೋದದ್ದು ನನ್ನ ಜಾಣತನದಿಂದ ಅಲ್ಲ. ಬೆಳಗ್ಗೆ ಮಾವ ನಾಯಿಯ ಬೆಲೆಯೆಂದು ಹಣ ಕೊಟ್ಟರು. ಹಂದಿ ಬಂದಿತ್ತು, ಗುರಿ ತಪ್ಪಿತು ಎಂದರು. ನಾನು ಬಾಯಿ ಬಿಡಲಿಲ್ಲ. ಹುಡುಗ ಹಣ ಮುಟ್ಟಲಿಲ್ಲ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದ. ಮರುದಿನ ಲಿಂಗಪೂಜೆಗೆ ಕುಳಿತಾಗ ಅಂಗೈ ನಡುಗಿದ್ದು ಇನ್ನೂ ನೆನಪಿದೆ.

ಆದ್ದರಿಂದ ತಮ್ಮಾ, ಬಂದೂಕಿನ ಮೊದಲ ಪಾಠ ಗುರಿ ಇಡುವುದಲ್ಲ, ಹೊಡೆಯದೆ ಇರುವುದು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ. ನಳಿಗೆಯನ್ನು ಮನುಷ್ಯರತ್ತ ಎಂದೂ ತಿರುಗಿಸಬೇಡ. ಗುರಿ ಖಚಿತವಾಗುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿಯ ಹಿಂದೆ ಏನಿದೆ ಎಂದು ನೋಡು. ಸಣ್ಣ ಪಾಯಿಂಟ್ 22 ಗುಂಡು ಕೂಡ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು. ಓಡುವ ಜೀಪಿನಿಂದ, ಕತ್ತಲಲ್ಲಿ, ಮಿಂಚುವ ಕಣ್ಣಿಗೆ ಹೊಡೆಯುವವನು ಈ ನಾಲ್ಕರಲ್ಲಿ ಯಾವುದನ್ನು ಪಾಲಿಸುತ್ತಾನೆ? ಅವನಿಂದ ನೀನು ಕಲಿಯುವುದಾದರೂ ಏನು?

"ನಮ್ಮದು ಕಿತ್ತೂರಿನ ರಕ್ತ" ಎಂದು ಮೀಸೆ ತಿರುವುವವರಿದ್ದಾರೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಗುಂಡು ಹಾರಿಸಿದವರ ಎದುರು ತೋಪು ಹಿಡಿದ ಕಂಪನಿ ಸರ್ಕಾರದ ಸೈನ್ಯವಿತ್ತು. ಮೊಲದ ಕೈಯಲ್ಲಿ ಏನಿದೆ?

ಕಾನೂನನ್ನೂ ಕೇಳಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ಮೋಜಿನ ಬೇಟೆಗೆ ಪರವಾನಗಿ ಎಂಬುದೇ ಇಲ್ಲ. ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಹಿಡಿಯುವುದು, ಹಾಗೆ ಪ್ರಯತ್ನಿಸುವುದೂ ಬೇಟೆಯೇ. ಚಿಗರಿ ಹೊಡೆದವನಿಗೆ 3ರಿಂದ 7 ವರ್ಷ ಜೈಲು. ಕೈಯಲ್ಲಿರುವ ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಗೆ ಪರವಾನಗಿ ಸಿಕ್ಕಂತಲ್ಲ. ಹಂದಿ ಬೆಳೆ ತಿನ್ನುತ್ತದೆ, ನಿಜ. ನನ್ನ ಗೋವಿನಜೋಳವನ್ನೂ ತಿಂದಿದೆ. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಬೆಳೆಗೆ ಅಪಾಯವಾದಾಗ ಅಧಿಕಾರಿ ಕಾರಣ ಬರೆದು ಆದೇಶ ಕೊಡುವ ದಾರಿ ಕಾಯ್ದೆಯಲ್ಲೇ ಇದೆ. ಅದು ರೈತನ ಸಂಕಟದ ದಾರಿ, ಶನಿವಾರ ರಾತ್ರಿಯ ಪಾರ್ಟಿಯದಲ್ಲ.

ಈಗ ಹಿರಿಯರಿಗೆ ನನ್ನ ಪ್ರಶ್ನೆ. ತಲೆತಲಾಂತರದಿಂದ ಬೇಟೆಯನ್ನೇ ನಂಬಿ, ಕಾನೂನು ಬಂದ ಮೇಲೆ ಆ ಬದುಕನ್ನೂ ಕಳೆದುಕೊಂಡ ಬಡವ ಒಂದು ಕೌಜುಗಕ್ಕೆ ಬಲೆ ಹಾಕಿದರೆ ಊರೆಲ್ಲ ಸೇರಿ ಹಿಡಿದುಕೊಡುತ್ತೇವೆ. ಅವನನ್ನು ಅಂಗಳದೊಳಗೂ ಬಿಟ್ಟುಕೊಳ್ಳುವುದಿಲ್ಲ. ಹೊಟ್ಟೆ ತುಂಬಿದವರ ಜೀಪು ರಾತ್ರಿ ಊರು ದಾಟಿದರೆ ಕದ ಹಾಕಿಕೊಂಡು ಮಲಗುತ್ತೇವೆ. ಬೆಳಗ್ಗೆ ಅದೇ ಜೀಪಿನವರನ್ನು ಜಾತ್ರೆಯ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಬಸವಣ್ಣನವರ ಭಾವಚಿತ್ರ ಹಿಂದೆ ತೂಗುತ್ತಿರುತ್ತದೆ. ಬಂದೂಕು ಮುಟ್ಟುವುದು ಪಾಪವಾದರೆ, ಈ ಶಾಲು ಏನು? ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನರಿಗೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲಿದೆ. ಅದನ್ನು ಯಾವ ಹಿರಿಯರು ಗದರಿದ್ದಾರೆ?

ನಾನು ಹೇಳುವುದಿಷ್ಟೇ: ಬಂದೂಕು ಪಾಪವಲ್ಲ, ಕೊಲ್ಲುವ ಚಟ ಪಾಪ. ಕಲಿಯುವ ಹಂಬಲವಿದ್ದವನಿಗೆ ದಾರಿ ಇದೆ. ಶಹರದಲ್ಲಿ ಶೂಟಿಂಗ್ ರೇಂಜ್ ಇರುತ್ತದೆ, ಅಲ್ಲಿ ಕಲಿಸುವವರಿರುತ್ತಾರೆ. ಏನನ್ನೂ ಕೊಳ್ಳುವ ಮೊದಲು ಅಲ್ಲಿಗೆ ಹೋಗು. 10 ಮೀಟರ್ ಏರ್ ರೈಫಲಿನಿಂದ ಆರಂಭಿಸು. 4.5 ಮಿ.ಮೀ. ಅಳತೆಯ, 20 ಜೂಲ್ ಶಕ್ತಿ ಮೀರದ ಏರ್ ರೈಫಲಿಗೆ ಪರವಾನಗಿ ಬೇಕಿಲ್ಲ. ಹಾಗೆಂದು ಅದರಿಂದ ಪಾರಿವಾಳ ಹೊಡೆದೀಯೆ, ಜೋಕೆ! ಮೊದಲು ನಿಲ್ಲುವುದು, ಉಸಿರಾಡುವುದು, ಖಾಲಿ ರೈಫಲ್ ಎತ್ತಿ ಇಳಿಸುವುದನ್ನೇ ಕಲಿಸುತ್ತಾರೆ. ಬೇಸರವಾಗುತ್ತದೆ, ತಾಳಿಕೋ. ಅಲ್ಲಿಯ ಹತ್ತಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಜೀಪಿನ ಶೂರರು ಅದನ್ನೊಮ್ಮೆ ಹೊಡೆದು ತೋರಿಸಲಿ.

2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಅಲ್ಲೇ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರ ಜಿಲ್ಲೆಯ ಒಂದು ಸಣ್ಣ ಹಳ್ಳಿಯವರು. ಇವರ್ಯಾರೂ ಪದಕಕ್ಕಾಗಿ ಒಂದು ಜೀವದ ರಕ್ತ ಚೆಲ್ಲಲಿಲ್ಲ. ಉಸಿರು ಹಿಡಿದು ದೃಷ್ಟಿ ನಿಲ್ಲಿಸುವುದು ಅಂಗೈಯಲ್ಲಿ ಲಿಂಗ ಹಿಡಿದವರಿಗೆ ಹೊಸ ವಿದ್ಯೆಯೇನಲ್ಲವಲ್ಲ.

ಮಠಗಳಿಗೆ ನನ್ನ ಬಿನ್ನಹ: ವಸತಿ ನಿಲಯಗಳಿವೆ, ಖಾಲಿ ಸಭಾಭವನಗಳಿವೆ. ಒಂದೆರಡು ಕಡೆಯಾದರೂ ತರಬೇತುದಾರರನ್ನು ಕರೆಸಿ 10 ಮೀಟರಿನ ರೇಂಜ್ ಆರಂಭಿಸಿರಿ. ಹೆಣ್ಣುಮಕ್ಕಳನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿರಿ. ಬೇಟೆಯಾಡುವವರು ಎಷ್ಟೇ ದೊಡ್ಡ ದಾನಿಗಳಾಗಿರಲಿ, ಶಾಲು ಹೊದಿಸುವುದನ್ನು ನಿಲ್ಲಿಸಿರಿ.

ಆ ಹುಡುಗನನ್ನು ಬರುವ ಭಾನುವಾರ ನಾನೇ ರೇಂಜಿಗೆ ಕರೆದೊಯ್ಯುತ್ತೇನೆ. ದಾರಿಯಲ್ಲಿ ಕುರಿಹಟ್ಟಿಯ ನಾಯಿಯ ಕಥೆಯನ್ನೂ ಹೇಳುತ್ತೇನೆ. ನಲವತ್ತು ವರ್ಷಕ್ಕೂ ಮೇಲಾಯಿತು. ಆ ಕುರುಬರ ಹುಡುಗನಿಗೆ ಹೇಳಬೇಕಾಗಿದ್ದ ಸತ್ಯವನ್ನು ಇವನಿಗಾದರೂ ಹೇಳಬೇಕು.