ಸಿಂಪರಣೆಯ ವಾಹನವೂ ಊರಿನಲ್ಲೇ ಕಟ್ಟಿದ ಪಂಪು ನಿಯಂತ್ರಕವೂ

ಸಣ್ಣ ಸರಕು ವಾಹನದ ಮೇಲೆ ನೀರಿನ ತೊಟ್ಟಿಯನ್ನೂ 12 ವೋಲ್ಟಿನ ಪಂಪನ್ನೂ ಕೂರಿಸಿಕೊಂಡು, ತರಕಾರಿ ತೋಟಗಳಿಗೂ ಸಸಿಮಡಿಗಳಿಗೂ ಬಾಡಿಗೆಗೆ ಔಷಧಿ ಸಿಂಪಡಿಸಿಕೊಡುವ ಕಸುಬು ಗ್ರಾಮಾಂತರಗಳಲ್ಲಿ ಉಂಟು. ಪಂಪನ್ನು ನಡೆಸುವ ಮತ್ತು ನಿಲ್ಲಿಸುವ ನಿಯಂತ್ರಕ ಪೆಟ್ಟಿಗೆಯನ್ನು ವಾಹನದ ಯಜಮಾನನು ತಾನೇ ಬಿಡಿ ಭಾಗಗಳಿಂದ ಕಟ್ಟಿಕೊಳ್ಳುವುದೂ ಉಂಟು. ಇದನ್ನು ಅರೆತಿಳಿವಿನ ಸಾಹಸವೆಂದು ಹಳಿಯುವವರಿದ್ದಾರೆ. ಆದರೆ ಕೈಯಾರೆ ಕಟ್ಟಿದವನು ಕೆಟ್ಟಾಗ ಕೈಯಾರೆ ಸರಿಪಡಿಸಬಲ್ಲನು. ಪೈರಿಗೆ ರೋಗ ಹರಡುತ್ತಿರುವ ದಿನಗಳಲ್ಲಿ ಪಟ್ಟಣದ ಅಂಗಡಿಯ ದಾರಿ ಕಾಯಬೇಕಾದುದಿಲ್ಲ. ಆದುದರಿಂದ ಈ ಉದ್ಯಮವು ಪ್ರೋತ್ಸಾಹಕ್ಕೆ ಅರ್ಹವಾದುದು. ಅರ್ಹವಲ್ಲದ್ದು ಒಂದೇ: ಫ್ಯೂಸಿನಲ್ಲಿ ಮಾಡುವ ಉಳಿತಾಯ.

ಫ್ಯೂಸಿರುವುದು ಪಂಪನ್ನು ಕಾಯುವುದಕ್ಕೆಂದು ಹಲವರ ಭಾವನೆ. ವಾಸ್ತವದಲ್ಲಿ ಅದು ಮುಖ್ಯವಾಗಿ ತಂತಿಯನ್ನು ಕಾಯುತ್ತದೆ. ಬ್ಯಾಟರಿಯಿಂದ ಹೊರಟ ತಂತಿಯ ಹೊದಿಕೆಯು ವಾಹನದ ತಗಡಿಗೆ ಉಜ್ಜಿ ಸವೆದು, ಒಳಗಿನ ತಾಮ್ರವು ತಗಡನ್ನು ತಾಕಿದರೆ, ನೂರಾರು ಆಂಪಿಯರ್ ಪ್ರವಾಹ ಹರಿದು ತಂತಿ ಕೆಂಪಗೆ ಕಾಯುವುದು. ಮಗ್ಗುಲಲ್ಲೇ ಔಷಧಿಯ ಡಬ್ಬಗಳಿರುವ ವಾಹನದಲ್ಲಿ ಬೆಂಕಿಯಷ್ಟೇ ಅದರ ಹೊಗೆಯೂ ಪ್ರಾಣಾಪಾಯಕರ. ಫ್ಯೂಸು ದೂರದ ಪೆಟ್ಟಿಗೆಯೊಳಗಿದ್ದರೆ, ಬ್ಯಾಟರಿಗೂ ಪೆಟ್ಟಿಗೆಗೂ ನಡುವಣ ತಂತಿಗೆ ರಕ್ಷಣೆಯೇ ಇಲ್ಲ. ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಅದು ಇರತಕ್ಕದ್ದು.

ಉಳಿದ ಲೆಕ್ಕವು ಸುಲಭವಾದುದು. 60 ವಾಟಿನ ಪಂಪು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಇದಕ್ಕೆ 10 ಆಂಪಿಯರಿನ ಫ್ಯೂಸೂ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯೂ ತಕ್ಕವು. ಹೋಗಿಬರುವ ತಂತಿ ಒಟ್ಟು 10 ಮೀಟರ್ ಇದ್ದರೆ ದಾರಿಯಲ್ಲಿ ನಷ್ಟವಾಗುವುದು ಅರ್ಧ ವೋಲ್ಟಿಗೂ ಕಡಮೆ. 1 ಚದರ ಮಿಲಿಮೀಟರಿನ ತಂತಿಯಲ್ಲಾದರೆ ಸುಮಾರು 0.9 ವೋಲ್ಟ್ ನಷ್ಟವಾಗಿ, ಪಂಪಿನ ಬಲ ಕುಗ್ಗಿ, ಸಿಂಪರಣೆಯು ಸಮವಾಗಿ ಬೀಳದು. ಪಂಪಿನ ಪ್ರವಾಹವೆಲ್ಲ ರಿಲೇಯ ಮೂಲಕ ಹರಿಯಲಿ. ಚಾಲಕನ ಸ್ವಿಚ್ಚು ರಿಲೇಯನ್ನು ಮಾತ್ರ ನಡೆಸಲಿ. ತೊಟ್ಟಿ ಬರಿದಾದಾಗ ಪಂಪನ್ನು ನಿಲ್ಲಿಸುವ ತೇಲುವ ಸ್ವಿಚ್ಚೂ, ಬ್ಯಾಟರಿ ಸುಮಾರು 12 ವೋಲ್ಟಿಗೆ ಇಳಿದಾಗ ನಿಲ್ಲಿಸುವ ಸಾಧನವೂ ಇರಬೇಕು. ಇಲ್ಲವಾದರೆ ಸಂಜೆ ವಾಹನವು ಹೊಲದಲ್ಲೇ ಉಳಿಯುವುದು. ಮೈಲುತುತ್ತದ ದ್ರಾವಣವು ಲೋಹವನ್ನು ತಿನ್ನುವುದರಿಂದ, ಪೆಟ್ಟಿಗೆಗೆ ಬಿಗಿಯಾದ ಮುಚ್ಚಳವಿದ್ದು ತಂತಿಗಳು ತಳದಿಂದಲೇ ಒಳಹೋಗತಕ್ಕದ್ದು.

ಫ್ಯೂಸು ಪದೇ ಪದೇ ಸುಟ್ಟು ಕೆಲಸ ನಿಲ್ಲುವುದೆಂದು ಕೆಲವರು ಆಕ್ಷೇಪಿಸಿ, ಅದರ ಸ್ಥಾನದಲ್ಲಿ ದಪ್ಪ ತಂತಿಯ ತುಂಡನ್ನು ಸುತ್ತಿಬಿಡುತ್ತಾರೆ. ಇದು ಕೂಗುವ ಕಾವಲುಗಾರನ ಬಾಯಿ ಕಟ್ಟಿದಂತೆ. ಪಂಪು ಕಸದಿಂದ ಬಿಗಿದುಕೊಂಡಿರಬಹುದು, ತಂತಿ ಎಲ್ಲಿಯೋ ನಜ್ಜುಗುಜ್ಜಾಗಿರಬಹುದು. ಕಾರಣವನ್ನು ಹುಡುಕಿದ ತರುವಾಯವೇ ಹೊಸ ಫ್ಯೂಸನ್ನು ಹಾಕತಕ್ಕದ್ದು.

ಈ ವಿಷಯದಲ್ಲಿ ಗ್ರಾಮದ ಮುಖಂಡರೂ ಭೂಮಾಲೀಕರೂ ಬರಿಯ ಪ್ರೇಕ್ಷಕರಲ್ಲ. ಬಾಡಿಗೆ ಕೊಡುವವನ ಮಾತನ್ನು ವಾಹನದ ಯಜಮಾನನು ಕೇಳುವನು. ಸಿಂಪರಣೆಯ ಕಾಲಕ್ಕೆ ಮುಂಚೆ ಒಂದು ದಿನ ಊರಿನ ವಾಹನಗಳನ್ನು ಕೂಡಿಸಿ, ಪೆಟ್ಟಿಗೆಗಳನ್ನು ತೆರೆಸಿ, ಬಲ್ಲ ಮೇಸ್ತ್ರಿಯೊಬ್ಬನಿಂದ ನೋಡಿಸುವುದು ಲೇಸು. ತಂತಿಗಳ ನಕ್ಷೆಯೊಂದನ್ನು ಮುಚ್ಚಳದ ಒಳಮೈಗೆ ಅಂಟಿಸಿದ್ದರೆ, ಕಟ್ಟಿದವನು ಊರಿನಲ್ಲಿಲ್ಲದಾಗಲೂ ಮತ್ತೊಬ್ಬನು ದುರಸ್ತಿ ಮಾಡಬಲ್ಲನು. ಬಾಡಿಗೆಯನ್ನು ಹತ್ತು ರೂಪಾಯಿ ಇಳಿಸಲು ಚೌಕಾಸಿ ಮಾಡುವ ಭೂಮಾಲೀಕನು, ಅದಕ್ಕೆ ಮುಂಚೆ ಫ್ಯೂಸು ಎಲ್ಲಿದೆಯೆಂದು ಕೇಳಲಿ. ಆ ಪ್ರಶ್ನೆಗೆ ಖರ್ಚಿಲ್ಲ. ಅದನ್ನು ಕೇಳದೆ ಬಿಟ್ಟ ದಿನ ಹೋಗುವುದು ಬಡ ಚಾಲಕನ ಪ್ರಾಣ.